ನಾಲಗೆಯ ಬೈತಲೆ

ಬಾಯಿಗಿಟ್ಟ ತುತ್ತು ಬಾಯಲ್ಲೇ ಇತ್ತು. ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತು, ಚಿಕ್ಕ ಮಗನ ತಲೆ ಎದೆಯ ಮೇಲೆ ವಾಲಿತು. ಮಧ್ಯಾಹ್ನದ ಬೆಳಕು ತುಂಬಿದ ಊಟದ ಮನೆಯಲ್ಲಿ, ತಾಯಿ, ಅಣ್ಣ, ಹೆಂಡತಿ ಮೂವರ ಕಣ್ಣೆದುರಿಗೇ ಅವನು ಕುಳಿತಲ್ಲಿ ನಿದ್ದೆಗೆ ಜಾರಿದ್ದ. ಗಂಟಲಿನಿಂದ ಒಂದು ಗೊರಕೆ ಹೊರಟು, ಉಬ್ಬಿದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಂತೆ ನಡುವೆಯೇ ನಿಂತುಹೋಯಿತು. ಆಮೇಲೆ ಉಸಿರಿಲ್ಲ... ಎದೆ ಏಳುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಹೆಂಡತಿ ಕುರ್ಚಿ ತಳ್ಳಿ ಎದ್ದಳು. ಅವನ ಗಲ್ಲ ಹಿಡಿದು ಮುಂದಕ್ಕೆಳೆದು, ಬೆರಳು ಹಾಕಿ ತುತ್ತನ್ನು ಹೊರತೆಗೆದಳು. ಉಸಿರು ಸೀಟಿ ಹೊಡೆದಂತೆ ಒಳನುಗ್ಗಿತು. ಅವನು ಕಣ್ಣು ಬಿಟ್ಟು, ಮಾತು ಎಲ್ಲಿಗೆ ಬಂದಿತ್ತು ಎಂದು ಕೇಳಿ ನಕ್ಕ.

ಅವನೊಬ್ಬನೇ ನಕ್ಕಿದ್ದು.

"ತೆಗಿ ಆ ಕೈನ," ಎಂದರು ಅತ್ತೆ. "ಹೆಣದ ಬಾಯಿಗೆ ಹಾಕೋ ಕೈ ನನ್ನ ಮಗನ ಬಾಯಿಗೆ ಬೇಡ."

ಸೊಸೆ ಕೈ ತೆಗೆದಳು. ಉಗುರಿನ ಸಂದಿಯಲ್ಲಿ ನೇರಳೆ ಬಣ್ಣವಿತ್ತು. ಎಷ್ಟು ಉಜ್ಜಿದರೂ ಹೋಗದ ಬಣ್ಣ. ಅವಳು ವೈದ್ಯಕೀಯ ಕಾಲೇಜಿನಲ್ಲಿ ದೇಹರಚನೆ ಕಲಿಸುವವಳು. ಸತ್ತ ಮೇಲೆ ದೇಹವನ್ನು ಓದಿಗೆಂದು ಕೊಟ್ಟವರ ನಾಲಗೆಗಳನ್ನು ಬಿಡಿಸಿ, ಒಳಗಿನ ನರಗಳಿಗೆ ಬಣ್ಣ ಹಿಡಿಸಿ, ಯಾವ ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗುರುತಿಸುವುದು ಅವಳ ಕೆಲಸ. ಅತ್ತೆಯ ಬಾಯಲ್ಲಿ ಅವಳ ಹೆಸರು ‘ಹೆಣದ ಡಾಕ್ಟರಮ್ಮ’. ಮದುವೆಯಾಗಿ ಬಂದ ಹೊಸತರಲ್ಲಿ ಅದು ತಮಾಷೆಯಾಗಿತ್ತು. ಈಗ ತಮಾಷೆಯಾಗಿರಲಿಲ್ಲ.

ಎಲ್ಲ ನೋಡುತ್ತಾ ಕುಳಿತಿದ್ದ ದೊಡ್ಡ ಮಗ ತಟ್ಟೆ ಸರಿಸಿ, ಇನ್ನು ತಡ ಮಾಡುವುದು ಬೇಡ, ಈ ವಾರವೇ ಆಪರೇಷನ್ ಮಾಡಿಬಿಡುತ್ತೇನೆ ಎಂದ. ಅವನು ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯ. ಆಸ್ಪತ್ರೆಯಲ್ಲಿ ಎಲ್ಲರಿಗೂ ‘ದೊಡ್ಡೋರು’. ತಮ್ಮನನ್ನು ಓದಿಸುತ್ತಾ, ಮನೆ ನಿಲ್ಲಿಸುತ್ತಾ ತನ್ನ ಮದುವೆಯ ವಯಸ್ಸನ್ನೇ ದಾಟಿಸಿಕೊಂಡವನು. ಆ ಮನೆಯಲ್ಲಿ ಅವನು ಹೇಳಿದ ಮೇಲೆ ಇನ್ನೊಬ್ಬರು ಹೇಳುವುದೇನೂ ಉಳಿಯುತ್ತಿರಲಿಲ್ಲ.

ಚಿಕ್ಕ ಮಗ ರೇಡಿಯೋದಲ್ಲಿ ವಾರ್ತೆ ಓದುವವನು. ನಾಲಗೆಯ ಬುಡ ದಪ್ಪವಾಗಿ, ನಿದ್ದೆ ಬಂದೊಡನೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಕೂರುವುದು ಅವನ ಕಾಯಿಲೆ. ಮಲಗಿದರೆ ಉಸಿರು ಕಟ್ಟಿ ಎಚ್ಚರವಾಗುತ್ತದೆ. ನಿದ್ದೆಯಿಲ್ಲದ್ದಕ್ಕೆ ಎಚ್ಚರವಿರಬೇಕಾದಲ್ಲಿ ನಿದ್ದೆ ಬರುತ್ತದೆ. ಮೂಗಿಗೆ ಕಟ್ಟುವ ಗಾಳಿಯ ಮಾಸ್ಕ್ ತಂದಿದ್ದಾಯಿತು. ನನಗೇಕೆ ಈ ಆನೆ ಸೊಂಡಿಲು ಎಂದು ನಿದ್ದೆಗಣ್ಣಿನಲ್ಲೇ ಕಿತ್ತೆಸೆಯುತ್ತಿದ್ದ. ಒಮ್ಮೆ ಮೈಕಿನ ಮುಂದೆಯೇ ತೂಕಡಿಸಿ, ಊರಿಗೆ ಊರೇ ರೇಡಿಯೋ ಕೆಟ್ಟಿತೆಂದು ಗುಂಡಿ ತಿರುಗಿಸುವಂತಾಗಿತ್ತು. ಇನ್ನೊಮ್ಮೆ ಹೀಗಾದರೆ ಮೈಕು ಬೇರೆಯವರಿಗೆ ಎಂದು ನಿಲಯದ ಮುಖ್ಯಸ್ಥರು ಹೇಳಿದ್ದರು. ಆಪರೇಷನ್ ಆಗಲೇಬೇಕಿತ್ತು. ಅದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ.

"ಹೇಗೆ ಮಾಡ್ತೀರಿ ಭಾವ?" ಎಂದು ಸೊಸೆ ಮೆಲ್ಲಗೆ ಕೇಳಿದಳು.

ನಾಲಗೆಯ ಬುಡಕ್ಕೆ ಎರಡೂ ಪಕ್ಕದಿಂದ ಬಿಸಿ ಸೂಜಿ ಇಳಿಸಿ ಮಾಂಸ ಕರಗಿಸುತ್ತೇನೆ, ದಪ್ಪವಿರುವುದು ಪಕ್ಕದಲ್ಲೇ ತಾನೇ ಎಂದ ದೊಡ್ಡವನು. ಅವಳ ಕಣ್ಣು ತಾನಾಗಿ ಹಿಂದಿನ ಕೋಣೆಯ ಬಾಗಿಲಿನತ್ತ ಹೋಯಿತು.

ಆ ಕೋಣೆಯಲ್ಲಿ ಮಾವ ಒಬ್ಬರೇ ಉಣ್ಣುತ್ತಿದ್ದರು, ಗೋಡೆಗೆ ಮುಖ ಮಾಡಿ. ಕುರ್ಚಿಯನ್ನು ಹಾಗೆ ತಿರುಗಿಸಿಟ್ಟದ್ದು ಅತ್ತೆಯೇ. ಎಡಗೆನ್ನೆಯಲ್ಲಿ ಸಿಕ್ಕಿಕೊಳ್ಳುವ ಅನ್ನವನ್ನು ಅವರು ಬೆರಳಿನಿಂದ ತಳ್ಳಿಕೊಳ್ಳಬೇಕಿತ್ತು. ಅದು ನಾಲ್ಕು ಜನ ನೋಡುವಂಥದ್ದಲ್ಲ ಎಂದು ಅತ್ತೆಯ ತೀರ್ಪು. ಒಂದು ಕಾಲಕ್ಕೆ ಈ ಮನುಷ್ಯ ಬಟ್ಟೆ ಅಂಗಡಿ ಇಟ್ಟವರು, ಮಾತಿನಲ್ಲೇ ಮಾರುತ್ತಿದ್ದವರು. ಮೆಟ್ಟಿಲು ಹತ್ತುವ ಮೊದಲೇ ‘ಹೇಳಿ’ ಎಂದು ಬಾಯ್ತುಂಬ ಕರೆಯುವುದನ್ನು ಕೇಳಿದರೆ, ಸುಮ್ಮನೆ ದಾರಿ ಹಿಡಿದು ಹೋಗುವವರೂ ಒಳಗೆ ಬಂದು ಏನಾದರೊಂದು ಹೇಳಬೇಕಾಗುತ್ತಿತ್ತು. ಆಮೇಲೆ ನಾಲಗೆಯ ಎಡಬದಿಗೆ ಗಡ್ಡೆಯೊಂದು ಎದ್ದಿತು. ದೊಡ್ಡ ಮಗನೇ ತೆಗೆದ. ಗಡ್ಡೆ ಹೋಯಿತು, ಜೊತೆಗೆ ಎಡ ಅರ್ಧದ ಜೀವವೂ ಹೋಯಿತು. ತುದಿ ಮೇಲಕ್ಕೆ ಮಡಚಿದರೆ ತಾನೇ ‘ಳ’ ಬರುವುದು? ಮಡಚಲಾಗದ ನಾಲಗೆಯಿಂದ ‘ಲ’ ಬಂತು. ಗಾಯ ಮಾಗಿ ಅಂಗಡಿ ತೆರೆದ ದಿನ, ಮೊದಲು ಮೆಟ್ಟಿಲು ಹತ್ತಿದ ಎಳೆಯ ಗಂಡಹೆಂಡಿರಿಗೆ ಅವರು ಹಳೆಯ ಅಭ್ಯಾಸದಂತೆ "ಹೇಲಿ" ಎಂದುಬಿಟ್ಟರು. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನಿಗೆ ತಡೆಯಲಾಗಲಿಲ್ಲ, "ಇಲ್ಲೇನಾ?" ಎಂದು ಕೇಳಿದ. ಇಡೀ ಬೀದಿ ನಕ್ಕಿತು. ಆ ಸಂಜೆ ಹಾಕಿದ ಬೀಗವನ್ನು ಮಾವ ಮತ್ತೆ ತೆಗೆಯಲಿಲ್ಲ, ಬಾಯಿಯನ್ನೂ. ಏನಾದರೂ ಬೇಕಾದರೆ ಕೈಸನ್ನೆ. ಗಡ್ಡೆಯೇ ನರವನ್ನು ತಿಂದುಹಾಕಿತ್ತು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ನಂಬಿದ್ದರು ಎಂದರೆ, ಹಾಗೆಂದು ಹೇಳಲಾಗಿತ್ತು.

ಮರುದಿನ ಸೊಸೆ ಭಾವನ ಆಸ್ಪತ್ರೆಗೇ ಹೋದಳು. ಮನೆಯಲ್ಲಿ ಎತ್ತಿದರೆ ಅವರಿಗೆ ಅವಮಾನವಾಗುತ್ತದೆಂದು ಅವಳ ಎಣಿಕೆ. ಹೊರಗೆ ಬೆಂಚಿನ ಮೇಲೆ ಕಾಯುವವರು, ಒಳಗೆ ಉಕ್ಕಿನ ತಟ್ಟೆಯಲ್ಲಿ ನಾಲಗೆ ಒತ್ತುವ ಚಪ್ಪಟೆ ಕಡ್ಡಿಗಳು, ಗೋಡೆಗೆ ನೇತುಹಾಕಿದ ಗಂಟಲಿನ ಚಿತ್ರ. ಅವಳು ಬಹಳ ಹುಡುಕಿ ಮಾತು ಜೋಡಿಸಿಕೊಂಡು ಹೋಗಿದ್ದಳು. ನಾಲಗೆ ಅಲುಗಾಡಿಸುವ ನರ ಎರಡೂ ಕಡೆ ಪಕ್ಕದಿಂದಲೇ ಬುಡದೊಳಕ್ಕೆ ಬರುತ್ತದೆ, ರಕ್ತನಾಳವೂ ಅದರ ಆಸುಪಾಸಿನಲ್ಲೇ ಇರುತ್ತದೆ, ನಟ್ಟನಡುವೆ ಮೇಲ್ಭಾಗದಲ್ಲಿ ಮಾತ್ರ ಎರಡೂ ಕಡೆಯ ದೊಡ್ಡ ಕವಲುಗಳು ತಲುಪದ ಸ್ವಲ್ಪ ಜಾಗವಿದೆ, ಅಲ್ಲಿಂದ ತೆಗೆದರೆ ಅಪಾಯ ಕಡಿಮೆ ಎಂದಳು. ದೊಡ್ಡವನು ಪೂರ್ತಿ ಕೇಳಿದ. ಆಮೇಲೆ, ನಡುವಿನಿಂದ ಎಷ್ಟು ತೆಗೆಯಲಾದೀತು, ಅದು ಅರ್ಧಂಬರ್ಧ ಕೆಲಸ, ಉಸಿರಿನ ದಾರಿ ಬಿಡದಿದ್ದರೆ ಮತ್ತೊಮ್ಮೆ ಕೊಯ್ಯಬೇಕು, ಆಗ ಬಂದು ಉತ್ತರ ಕೊಡುವವರು ಯಾರು ಎಂದು ಕೇಳಿದ. ಪ್ರಶ್ನೆ ಸುಳ್ಳಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಎರಡು ಸಲ ಆದ್ರೂ ಆಗ್ಲಿ ಭಾವ. ಹೋದ ನರ ಬರಲ್ಲ."

"ನೀನು ನೋಡಿರೋದು ಸತ್ತ ನಾಲಗೆ ಕಣಮ್ಮಾ. ರಕ್ತ ಹರಿಯೋದನ್ನ ನೋಡಿಲ್ಲ."

"ಹೌದು. ರಕ್ತದಲ್ಲಿ ನರ ಕಾಣಲ್ಲ. ಅದಕ್ಕೇ ಅದೆಲ್ಲಿದೆ ಅಂತ ಮೊದ್ಲೇ ಗೊತ್ತಿರ್ಬೇಕು."

ದೊಡ್ಡವನ ಮುಖ ಬಿಳಿಚಿತು. ಅವಳು ಮಾವನ ಹೆಸರೆತ್ತಿರಲಿಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ. ಅವನು ಗಂಟೆ ಒತ್ತಿ ಮುಂದಿನ ರೋಗಿಯನ್ನು ಒಳಗೆ ಕರೆದ.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಹಜಾರದ ನಡುವೆ ನಿಂತು ಕಾಯುತ್ತಿದ್ದರು. ಊರಿನವರ ನಾಲಗೆಯೆಲ್ಲ ನೆಟ್ಟಗೆ ಮಾಡಿದ ಮಗನಿಗೆ ಬುದ್ಧಿ ಹೇಳಲು ಹೋದೆಯಾ, ಅವನ ದುಡಿಮೆಯಲ್ಲಿ ಓದಿದವನನ್ನು ಕಟ್ಟಿಕೊಂಡು ಅವನಿಗೇ ಬೆರಳು ತೋರಿಸುತ್ತೀಯಾ, ಅಣ್ಣತಮ್ಮಂದಿರ ನಡುವೆ ಬೆಂಕಿ ಇಡಲೆಂದೇ ಈ ಮನೆಗೆ ಬಂದೆಯಾ... ಒಂದೊಂದೂ ಚಾಟಿಯಂತೆ ಬೀಸಿ ಬಂತು. ಕೊನೆಗೆ ಅತ್ತೆ ಹತ್ತಿರ ಬಂದು, ದನಿ ಇಳಿಸಿ, ಒಂದೇ ಮಾತು ಹೇಳಿದರು.

"ಚಿಕ್ಕವನನ್ನ ಬೇರೆಯವರ ಕೈಗೆ ಕೊಟ್ಟೆಯೋ, ಅವತ್ತಿಂದ ನಿನ್ನ ಕೈ ನೀರೂ ನಂಗೆ ಬೇಡ."

ಗಂಡನೂ ಅವಳ ಪರವಾಗಿರಲಿಲ್ಲ. ಅಣ್ಣನ ಮೇಲೆ ಅನುಮಾನ ಪಟ್ಟರೆ ನನ್ನ ಮೇಲೆ ನಾನೇ ಅನುಮಾನ ಪಟ್ಟಂತೆ ಎಂದುಬಿಟ್ಟ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಒಂದೇ ಒಂದು ಬೇಡಿಕೆಯಿಟ್ಟಳು. ಒಮ್ಮೆ ನನ್ನ ಜೊತೆ ಬಂದು ನೋಡಿ. ನೋಡಿಯೂ ಅಣ್ಣನೇ ಬೇಕೆಂದರೆ ನಾನು ಬಾಯಿ ಮುಚ್ಚುತ್ತೇನೆ.

ಕಾಲೇಜಿನ ಕೆಳಮಹಡಿಯ ಆ ಉದ್ದನೆಯ ಕೋಣೆಗೆ ಅವನು ಬಂದದ್ದು ಅದೇ ಮೊದಲು. ಔಷಧದ ವಾಸನೆಗೆ ಕರವಸ್ತ್ರ ಮೂಗಿಗೊತ್ತಿಕೊಂಡು, ಇಲ್ಲಿ ನಿದ್ದೆ ಮಾತ್ರ ಬರಲ್ಲ ಬಿಡು ಎಂದು ತಮಾಷೆ ಮಾಡಿದ. ಅವಳು ಗಾಜಿನ ಜಾಡಿಯೊಂದನ್ನು ತಂದು, ಕೆಳಗಿನಿಂದ ಬೆಳಕು ಬೀರುವ ಹಲಗೆಯ ಮೇಲೆ ಇಟ್ಟಳು. ಅವನ ತಮಾಷೆ ನಿಂತಿತು. ಒಳಗೊಂದು ನಾಲಗೆಯಿತ್ತು. ಆದರೆ ಮಾಂಸ ಮಾಂಸದಂತಿರಲಿಲ್ಲ. ತಿಂಗಳುಗಟ್ಟಲೆ ದ್ರಾವಣಗಳಲ್ಲಿ ನೆನೆದು ಗಾಜಿನಂತೆ ತಿಳಿಯಾಗಿತ್ತು. ಅದರೊಳಗೆ ನರಗಳು ಮಾತ್ರ ಕಡುನೇರಳೆಯಾಗಿ, ಎಲೆ ಉದುರಿದ ಎರಡು ಗಿಡಗಳಂತೆ ಕವಲೊಡೆದು ನಿಂತಿದ್ದವು. ಎಡಕ್ಕೊಂದು, ಬಲಕ್ಕೊಂದು. ಅಂಚಿನಲ್ಲಿ ಹೋಗುವ ತೆಳ್ಳಗಿನವು ಬಿಸಿ, ನೋವು, ಸೋಕಿದ್ದು ತಿಳಿಸುವವು ಎಂದಳು. ಬುಡದ ಪಕ್ಕದಿಂದ ಏರಿ ಬರುವ ಈ ದಪ್ಪನೆಯವು ಅಲುಗಾಡಿಸುವವು. ಮಾತು ಇವುಗಳದೇ, ನುಂಗುವುದೂ ಇವುಗಳದೇ.

"ನಡುವೆ ಏನೂ ಇಲ್ವಲ್ಲ," ಎಂದ ಅವನು. ರೇಡಿಯೋದ ಆ ತುಂಬು ದನಿ ಪಿಸುಮಾತಾಗಿತ್ತು.

"ನಾವಿಲ್ಲಿ ಇದಕ್ಕೆ ಬೈತಲೆ ಅಂತೀವಿ. ಕೂದಲು ಎರಡೂ ಕಡೆ ಇಳಿಯತ್ತೆ, ಮಧ್ಯೆ ಬರೀ ಗೆರೆ. ಬೈತಲೆ ಮೇಲೇ ಹೋದ್ರೆ, ತುಂಬ ಆಳಕ್ಕಿಳೀದೆ ಇದ್ರೆ, ಅಪಾಯ ತೀರ ಕಡಿಮೆ. ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ."

ಅವನು ಬಾಗಿ ನೋಡುತ್ತಲೇ ಇದ್ದ. ಇದು ಯಾರದ್ದು ಎಂದು ಕೇಳಿದ. ಹೆಸರು ನಮಗೆ ತಿಳಿಸುವುದಿಲ್ಲ ಎಂದಳು. ತನ್ನ ನಾಲಗೆಯನ್ನು ತಾನೇ ಬಾಯೊಳಗೆ ಅತ್ತಿತ್ತ ಆಡಿಸಿ ನೋಡಿಕೊಂಡು, ಅವಳು ಹೆದರಿ ಕಾಯುತ್ತಿದ್ದ ಪ್ರಶ್ನೆಯನ್ನೇ ಕೇಳಿದ.

"ಅಪ್ಪಂದು... ಪಕ್ಕದಿಂದ ತೆಗೆದಿದ್ನಾ ಅಣ್ಣ?"

ಅವಳು ಜಾಡಿಯನ್ನು ಎತ್ತಿ ಕಪಾಟಿನೊಳಗಿಟ್ಟಳು. ನಾನು ಅಲ್ಲಿರಲಿಲ್ಲ, ಅಣ್ಣನನ್ನೇ ಕೇಳಿ ಎಂದಳು. ಇಲ್ಲ ಎನ್ನಬಹುದಿತ್ತು. ಆ ಒಂದು ಸುಳ್ಳಿಗೆ ಮನೆ ಉಳಿಯುತ್ತಿತ್ತೇನೋ... ಗಂಡನ ನಾಲಗೆ ಉಳಿಯುತ್ತಿರಲಿಲ್ಲ. ತಂದೆಗೆ ಹೋದದ್ದು ಒಂದು ಕಡೆಯದು. ಇಲ್ಲಿ ಸೂಜಿ ಇಳಿಯುವುದು ಎರಡೂ ಕಡೆ.

ಅದೇ ಸಂಜೆ ಹಜಾರದಲ್ಲಿ ಅವನು ಕೇಳಿಯೇಬಿಟ್ಟ. ದೊಡ್ಡವನು ಆಗತಾನೆ ಬಂದು ಬೂಟು ಬಿಚ್ಚುತ್ತಿದ್ದ. ಬಗ್ಗಿದ ತಲೆ ಎತ್ತದೆ, ಎಷ್ಟೋ ಸಲ ಹೇಳಿದ ಮಾತನ್ನೇ ಹೇಳಿದ. ಗಡ್ಡೆ ನರವನ್ನು ತಿಂದಿತ್ತು, ನಾನು ಕೈ ಹಾಕುವ ಹೊತ್ತಿಗೆ ಅಲ್ಲೇನೂ ಉಳಿದಿರಲಿಲ್ಲ. ಅತ್ತೆ ಆ ಮಾತನ್ನು ಹಿಡಿದೇ ಎದ್ದರು. ಕೇಳಿಸಿತಲ್ಲ, ಇನ್ನು ಸಾಕು ಎಂದು ಸೊಸೆಯತ್ತ ತಿರುಗಿದರು. ಹೆಂಡತಿ ಓದಿಸಿ ಕಳಿಸಿದ್ದನ್ನು ಒಪ್ಪಿಸಲು ಗಿಣಿಯಾ ನೀನು ಎಂದು ಮಗನನ್ನೂ ಬಿಡಲಿಲ್ಲ. ಚಿಕ್ಕವನು ಮೆತ್ತಗಾದ. ಸರಿ ಅಣ್ಣ, ನೀನು ಹೇಳಿದ ಮೇಲೆ ಮುಗಿಯಿತು, ನೀನೇ ಮಾಡು ಎಂದ.

ಸೊಸೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬಾಯಿ ಮುಚ್ಚುತ್ತೇನೆಂದು ಮಾತು ಕೊಟ್ಟಿದ್ದಳಲ್ಲ...

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಮಾವ ಬಂದು ಹಜಾರದ ದೀಪದ ಕೆಳಗೆ ನಿಂತರು. ಎಲ್ಲರೂ ಕೈಸನ್ನೆಗಾಗಿ ಅವರ ಕೈ ನೋಡಿದರು. ಕೈ ಏಳಲಿಲ್ಲ. ತುಟಿ ಅಲುಗಿತು.

"ಆಪರೇಷನ್ ಹಿಂದಿನ ದಿನಾನೂ ಅಂಗದಿ ತೆಗೆದಿದ್ದೆ." ದನಿ ತುಕ್ಕು ಹಿಡಿದಿತ್ತು. ಅಂಗಡಿ ಎನ್ನಲು ಹೋಗಿ ಅಂಗದಿ ಎಂದದ್ದು ಅವರಿಗೇ ಕೇಳಿಸಿ, ಕಿವಿ ಕೆಂಪಾಯಿತು. ಆದರೂ ನಿಲ್ಲಿಸಲಿಲ್ಲ. "ಬಂದೋರಿಗೆ ನಾನು ಏನಂತಿದ್ದೆ? ಹೇ... ಹೇಲಿ ಅಂತಿದ್ದೆ."

ಅದಲ್ಲ ಎಂಬಂತೆ ತಲೆಯಾಡಿಸಿ, ನಾಲಗೆಯ ತುದಿಯನ್ನು ಮೇಲಕ್ಕೆತ್ತಲು ಹೆಣಗಿದರು. ನಾಲಗೆ ಎಡಕ್ಕೆ ಜಗ್ಗಿ ತುಟಿಯ ಅಂಚಿಗೆ ಬಂತು. "ಹೇಲಿ," ಎಂದರು ಮತ್ತೆ. ಮತ್ತೂ ಒಮ್ಮೆ. ಬೀದಿಗೆ ಬೀದಿ ನಕ್ಕ ಮಾತಿಗೆ ಆ ಹಜಾರದಲ್ಲಿ ಒಬ್ಬರೂ ನಗಲಿಲ್ಲ. ಚಿಕ್ಕವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಅವತ್ತು ಅದು ಸರಿಯಾಗೇ ಬರ್ತಿತ್ತು. ನೀನೇ ಬಾಗಿಲಲ್ಲಿ ನಿಂತು ಕೇಲ್ಸ್ಕೊಂದಿದ್ದೆ," ಎಂದರು ಮಾವ ದೊಡ್ಡವನಿಗೆ. "ಗದ್ದೆ ಮೊದ್ಲೇ ನರ ತಿಂದಿದ್ರೆ ಹೆಂಗೆ ಬರ್ತಿತ್ತು ಮಗಾ?"

"ಸಾಕು, ಒಳಗೆ ನಡೀರಿ," ಎಂದರು ಅತ್ತೆ.

"ನನ್ನ ನಾಲಗೆ ತಾನೆ, ಹೋಗ್ಲಿ ಅಂದ್ಕೊಂದೆ. ನಿನ್ನ ತಪ್ಪು ನುಂಗ್ಕೊಂದೆ. ಇವನದು ಬೇದ."

ದೊಡ್ಡವನು ಒಂದು ಬೂಟನ್ನು ಕೈಯಲ್ಲಿ ಹಿಡಿದು ಹಾಗೆಯೇ ಕುಳಿತಿದ್ದ. "ಅಮ್ಮಾ..." ಎಂದ. ಚಿಕ್ಕಂದಿನಲ್ಲಿ ಏನನ್ನೋ ಒಡೆದು ಬಂದು ನಿಂತಾಗ ಕರೆಯುತ್ತಿದ್ದಂತೆ. ಅದೊಂದು ಕರೆಯಲ್ಲೇ ಉಳಿದದ್ದೆಲ್ಲ ತಿಳಿದುಹೋಯಿತು. ಅವನು ಅಂದೇ ತಾಯಿಗೆ ಎಲ್ಲವನ್ನೂ ಹೇಳಿಕೊಂಡಿದ್ದ. ಅವರೇ ಅವನ ಬಾಯಿ ಮುಚ್ಚಿಸಿದ್ದರು.

"ಹೌದು, ನಾನೇ ಸುಮ್ನಿರು ಅಂದೆ. ಏನೀಗ?" ಅತ್ತೆಯ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. "ಇವರ ಮಾತು ಹೋದ್ರೆ ಮನೆ ನಡೆಯತ್ತೆ. ಅವನ ಹೆಸರು ಹೋದ್ರೆ ನಡೆಯತ್ತಾ? ತುಂಬಿದ ಮನೆಯನ್ನ ನಾನು ಹಾಗೆ ಕಾಪಾಡ್ಕೊಂಡು ಬಂದೆ. ಇವಳು ಬಂದು ಒಂದು ನಾಲಗೆಗೋಸ್ಕರ ಒಡೆದುಹಾಕಿದ್ಲು."

ಸೊಸೆ ಹೋಗಿ ಮಾವನ ತೋಳು ಹಿಡಿದುಕೊಂಡಳು. ಅವರು ಅವಳ ಕೈಯನ್ನು ನವಿರಾಗಿ ಬಿಡಿಸಿಕೊಂಡು ಒಳಗೆ ಹೋದರು. ದೊಡ್ಡ ಮಗನನ್ನು ಕೊಂದು ಚಿಕ್ಕವನನ್ನು ಉಳಿಸಿದ ತಂದೆಗೆ ಯಾರ ಸಮಾಧಾನವೂ ಬೇಕಿರಲಿಲ್ಲ.

ದೊಡ್ಡವನು ಆ ವಾರ ಆಪರೇಷನ್ ಮಾಡಲಿಲ್ಲ. ಆಮೇಲೂ ಮಾಡಲಿಲ್ಲ. ಆಸ್ಪತ್ರೆಗೆ ರಾಜೀನಾಮೆ ಕೊಟ್ಟು, ದೂರದ ಊರೊಂದಕ್ಕೆ ಹೋಗುತ್ತೇನೆಂದಷ್ಟೇ ಹೇಳಿ ಪೆಟ್ಟಿಗೆ ಕಟ್ಟಿದ. ಹೊರಡುವಾಗ ಸೊಸೆಯ ಹತ್ತಿರ ಬಂದು, ಯಾರ ಕೈಯಲ್ಲಿ ಮಾಡಿಸುತ್ತೀಯ ಎಂದು ಕೇಳಿದ. ಅವಳು ಹೇಳಿದಳು. ನಡುವಿನಿಂದಲೇ ಮಾಡುವುದರಲ್ಲಿ ಕೈ ಪಳಗಿದ ವೈದ್ಯೆ. ಒಳ್ಳೆಯವಳು, ನನಗಿಂತ ತಾಳ್ಮೆಯವಳು ಎಂದ. ಅಷ್ಟರಲ್ಲಿ ಅತ್ತೆ ಬಂದು ಅವನ ತೋಳು ಹಿಡಿದು ಎಳೆದುಕೊಂಡು ಹೋದರು, ಮೈಲಿಗೆಯಿಂದ ಮಗುವನ್ನು ಸರಿಸುವಂತೆ.

ಆಪರೇಷನ್ನಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆಯ ಪಕ್ಕದಲ್ಲಿ ಕುಳಿತವರು ಮಾವ ಒಬ್ಬರೇ. ವೈದ್ಯೆ ಮೊದಲು ಗಲ್ಲದ ಕೆಳಗೆ ಸ್ಕ್ಯಾನಿನ ಹಿಡಿ ಆಡಿಸಿ, ಎರಡೂ ಕಡೆ ರಕ್ತನಾಳ ಎಲ್ಲೆಲ್ಲಿ ಬಡಿದುಕೊಳ್ಳುತ್ತಿದೆಯೆಂದು ಗುರುತು ಮಾಡಿಕೊಂಡಳು. ನಾಳವಿದ್ದತ್ತ ನರವೂ ಇರುತ್ತದೆ. ಅಲ್ಲಿಂದ ದೂರ, ನಟ್ಟನಡುವೆ, ಕಣ್ಣಿಗೆ ಕಂಡಷ್ಟನ್ನೇ ಸ್ವಲ್ಪಸ್ವಲ್ಪವಾಗಿ ತೆಗೆದಳು. ಮುಗಿಸಿ ಬಂದವಳು ಸಾಕೆನಿಸುತ್ತದೆ ಎಂದಳೇ ಹೊರತು ಪೂರ್ತಿ ಗೆದ್ದೆನೆನ್ನಲಿಲ್ಲ. ಬಾವು ಇಳಿಯುವವರೆಗೂ ಅವನು ಮಾತಾಡಲಿಲ್ಲ. ವೈದ್ಯೆ ಮೊದಲ ಬಾರಿ ನಾಲಗೆ ಚಾಚಿ ಎಂದಾಗ ಸೊಸೆ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾಲಗೆ ಅತ್ತ ವಾಲಲಿಲ್ಲ, ಇತ್ತ ವಾಲಲಿಲ್ಲ. ಮಾವ ಎದ್ದು ಹೊರಗೆ ಹೋಗಿ, ಓಣಿಯ ಗೋಡೆಗೆ ಹಣೆ ಹಚ್ಚಿ ಅತ್ತರು.

ಮನೆಗೆ ಬಂದ ದಿನ ಅಡುಗೆಮನೆಯಲ್ಲಿ ಎರಡು ಒಲೆಗಳಿದ್ದವು. ಅತ್ತೆ ಹೇಳಿದ್ದನ್ನು ಮಾಡಿದ್ದರು. ನೀರಿನ ಕೊಡವೂ ಬೇರೆ. ಮಗನಿಗೆ ತಾವೇ ಉಣಬಡಿಸಿದರು. ಸೊಸೆ ಎದುರಾದರೆ ಗೋಡೆಯ ಕಡೆ ಮುಖ ತಿರುಗಿಸಿದರು. ಅವನ ನಿದ್ದೆ ಮರಳಿತು, ಮೈಕು ಮರಳಿತು. ಅಣ್ಣನ ಫೋನು ಮಾತ್ರ ಬರಲಿಲ್ಲ. ತಾನೇ ಮಾಡಿದರೆ ಆ ಕಡೆ ಎತ್ತುವವರಿಲ್ಲ. ದಿನ ಕಳೆದಂತೆ ಗಂಡ ಅವಳೊಡನೆ ಆಡುವ ಮಾತು ಕಡಿಮೆಯಾಗುತ್ತಾ ಹೋಯಿತು. ಒಂದು ಬೆಳಿಗ್ಗೆ, ಅಣ್ಣ ಹಳ್ಳಿಯೊಂದರ ಸಣ್ಣ ದವಾಖಾನೆಯಲ್ಲಿ ಕೆಮ್ಮು ನೆಗಡಿಗೆ ಮದ್ದು ಕೊಡುತ್ತಾ ಕುಳಿತಿದ್ದಾನೆ, ಕೈಯಲ್ಲಿ ಕತ್ತರಿಯನ್ನೇ ಮುಟ್ಟುವುದಿಲ್ಲವಂತೆ ಎಂದು ಯಾರೋ ಹೇಳಿದರು. ಆಗ ಒಳಗೆ ಕಟ್ಟಿದ್ದೆಲ್ಲ ಒಡೆಯಿತು.

"ನನ್ನನ್ನ ಬೆಳೆಸಿದ ಅಣ್ಣನನ್ನ ನೀನು ಬೀದಿಪಾಲು ಮಾಡಿದೆ," ಎಂದ ಅವಳ ಗಂಡ, ಕೋಣೆಯ ಬಾಗಿಲಲ್ಲಿ ನಿಂತು. "ಗಳಿಗೆಗೊಂದ್ಸಲ ಅವನ ಮುಖ ಕಣ್ಣ ಮುಂದೆ ಬರತ್ತೆ. ನನ್ನ ಮಾತು ಹೋಗಿದ್ರೂ ಬಾಳ್ತಿದ್ದೆ ಕಣೇ, ಅಣ್ಣ ಇರ್ತಿದ್ದ. ಅವನಿಲ್ಲದ ಮನೇಲಿ ಈ ನಾಲಗೆ ಇಟ್ಕೊಂಡು ಏನು ಮಾಡ್ಲಿ? ನಿನ್ನ ಆ ಗಾಜಿನ ಜಾಡಿ ನೋಡಿದ ಗಳಿಗೇನೇ ಕೆಟ್ಟದ್ದು."

ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಗಳ ಸದ್ದು ನಿಂತಿತು. ಕಿವಿಗೊಟ್ಟಿದ್ದರು.

ಬೈಗುಳ ಅವಳ ಎದೆಗೆ ನಾಟುತ್ತಿತ್ತು, ನಿಜ. ಆದರೆ ಕಿವಿಗೆ ಇನ್ನೊಂದು ಕೇಳುತ್ತಿತ್ತು. ಒಂದಕ್ಷರವೂ ತಪ್ಪಿರಲಿಲ್ಲ. ಅವಳ ಕಣ್ಣು ಅವನ ತುಟಿಯ ಮೇಲೇ ನಿಂತಿತ್ತು. ಅವನು ಉಸಿರೆಳೆದುಕೊಳ್ಳಲು ಮಾತು ನಿಲ್ಲಿಸಿದ. ಉಸಿರು ಸಲೀಸಾಗಿ ಒಳಗೆ ಹೋಯಿತು.

"ಬೈಯ್ರಿ," ಎಂದಳು. "ನಿಲ್ಲಿಸ್ಬೇಡಿ."

ಕುರ್ಚಿಯೊಂದನ್ನು ಎಳೆದುಕೊಂಡು ಅವನೆದುರಿಗೆ ಕುಳಿತಳು.